ಹದಿನೇಳನೇ ಮಂಚದ ತಂತಿ

ಹಸಿರು ಚುಕ್ಕೆ ಆರಿತು, ತಂಗಿ ಗುಂಡಿ ಒತ್ತಿದ ಕೂಡಲೇ ಕೆಂಪಾಗಬೇಕಾಗಿದ್ದದ್ದು ಕೆಂಪಾಗದೆ ಆರಿಯೇ ಹೋಯಿತು, ತಲೆದಿಂಬಿನ ಪಕ್ಕದ ಗೋಡೆಯಲ್ಲಿರುವ ಕರೆಗಂಟೆಯ ಬಿಳಿ ಪೆಟ್ಟಿಗೆ ಈಗ ಬರೀ ಪ್ಲಾಸ್ಟಿಕ್ಕು, ಕಿಟಕಿಯ ಬಿಸಿಲು ನೇರ ಮೇಲೆ ಬಿದ್ದು ದೀಪ ಕಾಣುತ್ತಿಲ್ಲವೇನೋ ಎಂದು ಅಂಗೈ ಅಡ್ಡ ಹಿಡಿದು ನೋಡಿದೆ, ಇಲ್ಲ, ಆರಿದೆ. ಏನು ವೈರಕ್ಕ, ನನ್ನ ನೋಡೋಕೆ ಬಂದ್ಯೋ ಗೋಡೆ ನೋಡೋಕೆ ಬಂದ್ಯೋ, ಎನ್ನುತ್ತಾಳೆ ತಂಗಿ, ವೈರು ಎಳೆಯುವ ಕೆಲಸ ಹಿಡಿದ ಇಪ್ಪತ್ತು ವರ್ಷದಿಂದ ನಾನು ಅವಳಿಗೆ ವೈರಕ್ಕ, ದನಿ ಇನ್ನೂ ಒಣಗಿದೆ ಅವಳದು, ಹೃದಯದ ಕವಾಟ ಬದಲಾಯಿಸಿ ಇವತ್ತಿಗೆ ಐದು ದಿನ, ಐಸಿಯುನಿಂದ ಈ ವಾರ್ಡಿಗೆ ಬಂದು ಎರಡು ಗಂಟೆ, ಕುಡಿಯುವ ನೀರನ್ನೂ ಅಳೆದೇ ಕೊಡಬೇಕು, ಅದಕ್ಕೇ ಅವಳು ನೀರು ಕೇಳಿದಾಗ ನಾನು ಲೋಟ ಮುಟ್ಟಲಿಲ್ಲ, ಗುಂಡಿ ಒತ್ತು ನರ್ಸ್ ಬರ್ತಾರೆ ಅಂದೆ, ನಾನೇ ಅಂದೆ. ಬರಲಿಲ್ಲ. ಹೊರಗೆ ಕಾರಿಡಾರಿನಲ್ಲಿ ಗಾಲಿಮೇಜು ಕಿರುಗುಟ್ಟಿಕೊಂಡು ಹೋಯಿತು, ಯಾರೋ ನಕ್ಕರು, ಮೂವತ್ತೆರಡು, ಮೂವತ್ಮೂರು, ನಾನು ಎಣಿಸುತ್ತಿದ್ದೇನೆ ಎಂಬುದು ಅರ್ಧ ಎಣಿಸಿದ ಮೇಲೆ ಗೊತ್ತಾಯಿತು, ನಲವತ್ತೊಂದಕ್ಕೆ ಹಸಿರು ಮತ್ತೆ ಹತ್ತಿತು, ಏನೂ ಆಗದವರ ಹಾಗೆ, ತಪ್ಪು ಮಾಡಿ ಬಂದ ಮಗು ಪುಸ್ತಕ ತೆರೆದು ಕೂತ ಹಾಗೆ. ಇನ್ನೊಂದ್ಸಲ ಒತ್ತು ನೋಡೋಣ, ಎಂದೆ. ಒತ್ತಿದಳು. ಆರಿತು. ಪೆಟ್ಟಿಗೆಯ ಕೆಳಗೆ ಮಾರ್ಕರಿನಲ್ಲಿ ಬರೆದ ಸಂಖ್ಯೆ ಆಗಲೇ ಕಣ್ಣಿಗೆ ಬಿದ್ದದ್ದು, ಹದಿನೇಳು, ಏಳರ ಸೊಂಟಕ್ಕೊಂದು ಅಡ್ಡಗೆರೆ, ಅವಸರದಲ್ಲಿ ಯಾರೂ ಅದನ್ನು ಒಂದು ಎಂದು ಓದದಿರಲಿ ಅಂತ ಎಳೆದ ಗೆರೆ, ಆ ಗೆರೆ ಎಳೆಯುವವರು ನಮ್ಮ ತಂಡದಲ್ಲಿ ಒಬ್ಬರೇ, ನಾನು.

ಈ ವಾರ್ಡಿಗೆ ನಾವು ತಂತಿ ಎಳೆದು ಎಂಟು ತಿಂಗಳಾಯಿತು. ಆಗ ಇಲ್ಲಿ ಮಂಚಗಳಿರಲಿಲ್ಲ, ಹಸಿ ಸುಣ್ಣದ ವಾಸನೆ, ಗೋಡೆಯಲ್ಲಿ ಇಪ್ಪತ್ನಾಲ್ಕು ಚೌಕ ತೂತುಗಳು ಬಾಯಿ ತೆರೆದುಕೊಂಡು ಕಾಯುತ್ತಿದ್ದವು, ಒಂದೊಂದಕ್ಕೂ ಕಾರಿಡಾರಿನ ಕಪಾಟಿನಿಂದ ಒಂದೊಂದು ಕೇಬಲ್ಲು ತಂದು ಉಣಿಸಬೇಕು, ಕರೆಗಂಟೆಗೆ ಬೇರೆ ವಿದ್ಯುತ್ತಿಲ್ಲ, ಮಾತೂ ಕರೆಂಟೂ ಆ ಕೇಬಲ್ಲಿನ ಎಂಟು ಎಳೆಗಳಲ್ಲೇ ಹೋಗಬೇಕು, ಆದ್ದರಿಂದ ಎಳೆ ಅಪ್ಪಟ ತಾಮ್ರದ್ದೇ ಆಗಿರಬೇಕು. ನನಗೆ ಕೆಲಸ ಕಲಿಸಿದ ಮೇಸ್ತ್ರಿಯನ್ನು ನಾವು ಅಳತೆಗೋಲು ಎನ್ನುತ್ತಿದ್ದೆವು, ಅಷ್ಟು ಉದ್ದ, ಅಷ್ಟು ನೆಟ್ಟಗೆ, ಅಷ್ಟೇ ಬಗ್ಗದ ಮನುಷ್ಯ, ಲಿಫ್ಟಿನ ಮೋಟಾರು ಇರುವ ಗೋಡೆಗೆ ತಗಡು ಸುತ್ತಿದ ಕೇಬಲ್ಲು ಕಣಮ್ಮ, ಬಿಸಿಲು ಬೀಳೋ ಕಡೆ ಕಪ್ಪು ಸಿಪ್ಪೇದು, ಮೇಜಿನ ಮೇಲೆ ಬಳುಕೋದಕ್ಕೆ ನವಿರೆಳೇದು, ಗೋಡೆ ಒಳಗೆ ಗಟ್ಟಿ ಎಳೇದು, ಜೋಡಿ ಹೆಣೆದಿದ್ದನ್ನ ಕೊನೇ ಕ್ಷಣದ ತನಕ ಬಿಚ್ಚಬೇಡ, ಗಂಡ ಹೆಂಡ್ತೀನ ಬೇರೆ ಮಾಡಿದ ಪಾಪ ಬರುತ್ತೆ, ಎಂದು ನಗದೇ ಹೇಳುತ್ತಿದ್ದ, ಕೇಬಲ್ಲಿನ ಪೆಟ್ಟಿಗೆ ಬಂದ ಕೂಡ್ಲೇ ಓದಬೇಡ, ಎತ್ತು, ತಾಮ್ರ ಆದ್ರೆ ಭಾರ, ಕೈಗೆ ತೂಕ ಗೊತ್ತಾಗ್ಬೇಕು, ಪೆಟ್ಟಿಗೆ ಮೇಲೆ ಯಾರು ಏನು ಬೇಕಾದ್ರೂ ಬರೀಬಹುದು. ಎತ್ತಿದ್ದೆನಲ್ಲ. ಆ ದಿನ ಮಧ್ಯಾಹ್ನ ಒಳ್ಳೆಯ ಕೇಬಲ್ಲು ಮುಗಿದು, ಗುತ್ತಿಗೆಯ ಕಚೇರಿಯಿಂದ ಹೊಸ ಪೆಟ್ಟಿಗೆ ಬಂದಾಗ ಎರಡೂ ಕೈ ಹಾಕಿ ಎತ್ತಿದೆ, ಗಾಳಿ ತುಂಬಿದ್ದರ ಹಾಗೆ ಮೇಲೆ ಬಂತು, ಮೇಲೆ ತಾಮ್ರದ ಲೇಪ ಒಳಗೆ ಅಲ್ಯೂಮಿನಿಯಂ, ಮ್ಯಾನೇಜರಿಗೆ ಫೋನು ಮಾಡಿದೆ, ಟೆಸ್ಟರಲ್ಲಿ ಎಂಟು ದೀಪಾನೂ ಉರಿಯುತ್ತಲ್ಲಮ್ಮ, ಇನ್ನೇನು ಬೇಕು ನಿಮಗೆ, ಗೋಡೆ ಒಳಗೆ ಯಾರು ಇಣುಕಿ ನೋಡ್ತಾರೆ, ನಾಳೆ ಬೆಳಿಗ್ಗೆ ಉದ್ಘಾಟನೆ, ಎಂದರು. ಬೇರೆ ಪೆಟ್ಟಿಗೆ ಬರುವವರೆಗೆ ಕಾಯುತ್ತೇನೆ ಅನ್ನಬಹುದಿತ್ತು, ಎಷ್ಟೋ ಸಲ ಅಂದಿದ್ದೇನೆ, ಜಗಳವಾಡಿದ್ದೇನೆ, ಆ ದಿನ ಮಾತ್ರ ಗಡಿಯಾರ ನೋಡಿದೆ, ತಂಗಿ ಈಜು ಕಲಿಸುವ ಹುಡುಗಿಯರ ಸ್ಪರ್ಧೆ ನಾಲ್ಕಕ್ಕೆ, ನೀನು ಬರಲೇಬೇಕು, ಈ ಸಲಾನೂ ಕೈ ಕೊಟ್ರೆ ಮಾತಾಡ್ಸಲ್ಲ ಅಂದಿದ್ದಳು. ಉಳಿದದ್ದು ಒಂದೇ ಜಾಗ, ಕಿಟಕಿ ಪಕ್ಕದ ಹದಿನೇಳು. ಒಂದೇ ಒಂದು, ನಲವತ್ತು ಮೀಟರು. ಎಳೆದೆ, ತುದಿ ಸುಲಿದೆ, ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ, ಎಂಟು ದೀಪವೂ ಉರಿದವು. ಈಜುಕೊಳಕ್ಕೆ ಓಡಿದೆ. ಹುಡುಗಿಯರು ಗೆದ್ದರು, ತಂಗಿ ಸೀಟಿ ಊದಿದಳು, ಒದ್ದೆ ಮೈಯಲ್ಲೇ ಬಂದು ನನ್ನನ್ನು ತಬ್ಬಿದಳು, ಹದಿನೇಳು ನೆನಪಾಗಲಿಲ್ಲ, ಒಂದೇ ಒಂದು ಸಲವೂ ಇಲ್ಲ, ಅಥವಾ ನೆನಪಾಗಿತ್ತೋ, ನೆನಪಾಗಿ ಅದನ್ನು ಒಳಕ್ಕೆ ತಳ್ಳಿದೆನೋ.

ನೀರು, ಎಂದಳು ತಂಗಿ. ನಾನೇ ಎದ್ದು ಕಾರಿಡಾರಿನ ಮೇಜಿಗೆ ಹೋದೆ, ಹಿರಿಯ ನರ್ಸು ಏನೋ ಬರೆಯುತ್ತಿದ್ದರು, ಮುಂದಿನ ಪರದೆಯಲ್ಲಿ ಇಪ್ಪತ್ನಾಲ್ಕು ಚೌಕಗಳು, ಹದಿನೇಳರದ್ದೂ ಹಸಿರೇ, ಹದಿನೇಳರಿಂದ ಗಂಟೆ ಬಾರಿಸಿದ್ವಿ ಎಂದೆ, ಅವರು ತಲೆಯೆತ್ತದೆ, ಇಲ್ಲಿ ಬಂದಿಲ್ಲಮ್ಮ, ಆ ಬೆಡ್ಡಿನವರೇ ಹಾಗೆ, ಯಾರು ಬಂದ್ರೂ ಒತ್ತಿದೆ ಒತ್ತಿದೆ ಅಂತಾರೆ, ಸರಿಯಾಗಿ ಒತ್ತಿರಲ್ಲ ಅಷ್ಟೇ. ಯಾರು ಬಂದ್ರೂ. ಎಂಟು ತಿಂಗಳಲ್ಲಿ ಆ ಮಂಚದ ಮೇಲೆ ಎಷ್ಟು ಜನ, ಒಬ್ಬೊಬ್ಬರು ನಾಲ್ಕು ದಿನ ಅಂದರೂ, ಬೇಡ, ಲೆಕ್ಕ ಬೇಡ. ಸುಮ್ಮನಿದ್ದಾಗ ಹಸಿರು ಉರಿಯುವಷ್ಟು ಕರೆಂಟು ಆ ಎಳೆ ಸಾಗಿಸುತ್ತದೆ, ಒತ್ತಿದಾಗ ಕೆಂಪು ದೀಪ, ಸದ್ದು, ಸಂದೇಶ ಎಲ್ಲಕ್ಕೂ ಒಟ್ಟಿಗೆ ಹೆಚ್ಚು ಬೇಕು, ಆಗ ಕುಸಿಯುತ್ತದೆ, ಪೆಟ್ಟಿಗೆ ಸತ್ತು ಮತ್ತೆ ಮೊದಲಿಂದ ಏಳುತ್ತದೆ, ಸುಮ್ಮನಿದ್ದಾಗ ನೋಡಿದವರಿಗೆ ಎಲ್ಲವೂ ಸರಿ, ಬೇಕಾದಾಗ ಮಾತ್ರ ಇಲ್ಲ. ಇದನ್ನೆಲ್ಲ ಹೇಳಲು ಬಾಯಿ ತೆರೆದೆ, ಬಂದದ್ದು ಬೇರೆಯೇ ಮಾತು, ಅಲ್ಲಿ ಕಿಟಕಿ ಬಿಸಿಲು ಜಾಸ್ತಿ, ತಂಗಿಗೆ ಆಗ್ತಿಲ್ಲ, ಬೇರೆ ಬೆಡ್ ಸಿಗುತ್ತಾ. ಎಷ್ಟು ನಯವಾಗಿ ಬಂತು ಸುಳ್ಳು, ಎಣ್ಣೆ ಹಚ್ಚಿದ ಹಾಗೆ. ಹನ್ನೊಂದು ಖಾಲಿ ಇದೆ, ಹಾಕೋಣ, ಎಂದರು ಅವರು, ಒಳ್ಳೆಯ ಹೆಂಗಸು, ತಾವೇ ಬಂದು ಮಂಚದ ಗಾಲಿಯ ಕೊಂಡಿ ಬಿಡಿಸಿದರು. ಹನ್ನೊಂದರ ಗುಂಡಿ ಒತ್ತಿಸಿದೆ, ಕೆಂಪಾಯಿತು, ಮೇಜಿನ ಬಳಿ ಕುಯ್ ಎಂದಿತು, ನರ್ಸು ನಕ್ಕರು, ನೋಡಿದ್ರಾ, ಒತ್ತೋ ಹಾಗೆ ಒತ್ತಬೇಕು. ನೀರು ಬಂತು, ತಂಗಿ ಗುಟುಕರಿಸಿದಳು, ಬೆಲ್ ಇಲ್ದಿದ್ರೆ ಏನಂತೆ, ನಾನು ಸೀಟಿ ಊದಿದ್ರೆ ಇಡೀ ಆಸ್ಪತ್ರೆ ಕೊಳಕ್ಕೆ ಹಾರುತ್ತೆ, ಎಂದಳು, ನಕ್ಕಳು, ನಗುವಾಗ ಎದೆಯ ಪಟ್ಟಿಯನ್ನು ಅಂಗೈಯಿಂದ ಒತ್ತಿಹಿಡಿದುಕೊಂಡಳು, ನಾನೂ ನಕ್ಕೆ, ಮುಗಿಯಿತು, ನಮ್ಮವಳು ಪಾರಾದಳು, ಎಂದು ಒಳಗೊಂದು ದನಿ, ನನ್ನದೇ, ಎದ್ದು ಹೋಗಿ ಹೇಳಲಿಲ್ಲ. ನಾಳೆ ಹೇಳಿದರಾಯಿತು. ಇವಳು ಮನೆಗೆ ಬಂದ ಮೇಲೆ ಹೇಳಿದರಾಯಿತು. ಹೇಳಿದರೆ ನನಗಿನ್ನು ಯಾರು ಗೋಡೆ ಒಪ್ಪಿಸುತ್ತಾರೆ, ಇಪ್ಪತ್ತು ವರ್ಷ ಏಣಿ ಹತ್ತಿ ಗಳಿಸಿದ ಹೆಸರು, ಹೆಂಗಸು ಎಳೆದ ತಂತಿ ಎಂದು ಮೊದಲು ಮೂಗು ಮುರಿದವರೇ ಈಗ ಆಕೆಯನ್ನೇ ಕಳಿಸಿ ಅನ್ನುತ್ತಾರೆ.

ಅರ್ಧ ಗಂಟೆಯೂ ಆಗಿರಲಿಕ್ಕಿಲ್ಲ, ಬಾಗಿಲಲ್ಲಿ ಗಾಲಿಯ ಸದ್ದು, ಶಸ್ತ್ರಚಿಕಿತ್ಸೆಯ ಕೋಣೆಯಿಂದ ಒಬ್ಬ ದಪ್ಪನೆಯ ಹೆಂಗಸನ್ನು ತಂದರು, ಐವತ್ತಿರಬಹುದು, ಕುತ್ತಿಗೆ ತುಂಬ ಬಿಳಿ ಪಟ್ಟಿಯ ಸುತ್ತು, ಹಿಂದೆ ಆಕೆಯ ಗಂಡ, ಒಂದು ಕೈಯಲ್ಲಿ ಆಕೆಯ ಚಪ್ಪಲಿ ಇನ್ನೊಂದರಲ್ಲಿ ಕನ್ನಡಕ, ಚಪ್ಪಲಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಎದೆಗವುಚಿಕೊಂಡಿದ್ದಾನೆ. ಎಲ್ಲಿಗೆ ಕರೆದೊಯ್ಯುತ್ತಾರೆ, ಬೇಡ, ಆ ಕಡೆ ತಿರುಗಬೇಡಿ, ತಿರುಗಿದರು, ಕಿಟಕಿಯ ಕಡೆಗೆ, ಹದಿನೇಳಕ್ಕೆ, ಇನ್ನೆಲ್ಲಿಗೆ, ಖಾಲಿ ಮಾಡಿಸಿದವಳು ನಾನೇ ಅಲ್ಲವೇ. ಹಿರಿಯ ನರ್ಸು ಆಕೆಯ ಕೈಗೆ ಗುಂಡಿಯ ಹಿಡಿ ಕೊಟ್ಟು, ಕಿವಿಯ ಹತ್ತಿರ ಬಾಗಿ, ಮೂರು ದಿನ ಒಂದು ಮಾತೂ ಆಡಕೂಡದು, ಕೂಗೋಕೂ ಆಗಲ್ಲ ನಿಮಗೆ, ಗಂಟಲಲ್ಲಿ ರಕ್ತ ಬಂದ ಹಾಗಾದ್ರೆ, ಉಸಿರು ಕಟ್ಟಿದ್ರೆ, ಏನೇ ಆದ್ರೂ ಇದನ್ನ ಒತ್ತಿ, ಓಡಿ ಬರ್ತೀವಿ, ಇದೇ ಈಗ ನಿಮ್ಮ ಬಾಯಿ, ಎಂದರು. ಆಕೆ ಕಣ್ಣು ಮುಚ್ಚಿ ತೆರೆದಳು, ಹೂಂ ಎಂದ ಹಾಗೆ. ನೋಡುವ ಹೊತ್ತು ಮುಗೀತು, ಎಲ್ಲರೂ ಹೊರಡಿ, ಎಂದು ಯಾರೋ ಕೂಗಿದರು, ಗಂಡ ಹೊರಡಲಾರದೆ ಸುತ್ತ ನೋಡಿದ, ಅವನ ಕಣ್ಣು ನನ್ನ ಮೇಲೆ ಬಿತ್ತು, ಅಕ್ಕಾ, ನೀವು ಇಲ್ಲಿ ಮೊದಲಿಂದ ಇದ್ದೀರಲ್ಲ, ಅದನ್ನ ಒತ್ತಿದ್ರೆ ಬರ್ತಾರಲ್ವಾ, ಎಂದು ಕೇಳಿದ. ಬರ್ತಾರೆ, ಎಂದೆ. ಬರ್ತಾರೆ ಎಂದೆ ನಾನು. ನಾಲಿಗೆ ಅಷ್ಟು ಸಲೀಸಾಗಿ ಹೊರಳಿತು, ಅವನ ಮುಖ ಸಡಿಲವಾಯಿತು, ಚಪ್ಪಲಿಯನ್ನು ಮಂಚದ ಕೆಳಗೆ ಜೋಡಿಸಿಟ್ಟ, ಎಡದ್ದು ಎಡಕ್ಕೆ ಬಲದ್ದು ಬಲಕ್ಕೆ, ಆಕೆ ನಾಳೆಯೇ ಎದ್ದು ಮೆಟ್ಟಿಕೊಳ್ಳುವವಳ ಹಾಗೆ, ಕೆನ್ನೆ ಮುಟ್ಟಿ ಹೊರಟ, ಬಾಗಿಲ ತನಕ ಹೋದವನು ತಿರುಗಿ ನನಗೆ ಕೈಮುಗಿದ. ಕೈಮುಗಿಯಬೇಡಪ್ಪಾ. ತಂಗಿ ನನ್ನ ಮಣಿಕಟ್ಟು ಹಿಡಿದಳು, ಆ ಕಡೇನೇ ಯಾಕೆ ನೋಡ್ತೀಯ ವೈರಕ್ಕ, ನಿನ್ನ ತಂಗಿ ನಾನೋ ಅವರೋ, ಎಂದಳು, ನಾನು ಅವಳ ಕೈ ಬಿಡಿಸಿಕೊಂಡು ಎದ್ದೆ, ಎದ್ದದ್ದು ಧೈರ್ಯದಿಂದ ಅಲ್ಲ, ಕೂರಲು ಆಗಲಿಲ್ಲ ಅಷ್ಟೇ, ಕುರ್ಚಿಯೇ ನನ್ನನ್ನು ದಬ್ಬಿದ ಹಾಗಾಯಿತು.

ಆ ಗಂಟೆ ಕೆಲಸ ಮಾಡಲ್ಲ, ಎಂದೆ ಹಿರಿಯ ನರ್ಸಿಗೆ. ಈಗ ತಾನೆ ನೋಡಿದ್ರಲ್ಲಮ್ಮ, ಎಂದರು ಅವರು, ಅದು ಹನ್ನೊಂದು, ನಾನು ಹೇಳ್ತಿರೋದು ಹದಿನೇಳು, ಅದರ ತಂತಿ ಕೆಟ್ಟದ್ದು, ಎಂದೆ, ನಿಮಗೆ ಹೇಗೆ ಗೊತ್ತು, ಎಂದರು, ಎಳೆದವಳು ನಾನೇ, ಗೊತ್ತಿದ್ದೇ ಎಳೆದೆ. ಪೆನ್ನು ನಿಂತಿತು. ಅವರು ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಎದ್ದು ನೇರ ಹದಿನೇಳಕ್ಕೆ ನಡೆದರು, ಆ ಹೆಂಗಸಿನ ಕೈಯಿಂದ ಗುಂಡಿ ತೆಗೆದುಕೊಂಡು ತಾವೇ ಒತ್ತಿದರು, ಒತ್ತುವ ಹಾಗೆ ಒತ್ತಿದರು, ಹಸಿರು ಆರಿತು, ಮೇಜಿನ ಕಡೆಯಿಂದ ಏನೂ ಇಲ್ಲ, ಇನ್ನೊಬ್ಬ ನರ್ಸನ್ನು ಕರೆದು, ಈ ಮಂಚ ಬಿಟ್ಟು ಕದಲಬೇಡ, ಇವರ ಕೈ ಹಿಡ್ಕೊಂಡು ಕೂತಿರು, ಎಂದರು, ಆಮೇಲೆ ಗೋಡೆಯ ಕಡೆ ನೋಡುತ್ತಲೇ, ನನಗೆ ಹೇಳಿದರೋ ತಮಗೆ ಹೇಳಿಕೊಂಡರೋ, ಹೋದ ತಿಂಗಳು ಇದೇ ಬೆಡ್ಡಲ್ಲಿ ಒಬ್ರು ಶಾಲೆ ಮೇಷ್ಟ್ರು, ಬಚ್ಚಲಿಗೆ ತಾವೇ ಎದ್ದು ಹೋಗಿ ಬಿದ್ರು, ಸೊಂಟದ ಮೂಳೆ ಮುರೀತು, ಒತ್ತಿದೆ ಸಿಸ್ಟರ್, ಮೂರು ಸಲ ಒತ್ತಿದೆ ಅಂದ್ರು, ಸುಳ್ಳು ಹೇಳ್ಬೇಡಿ ಅಂತ ನಾನೇ ಗದರಿಸಿದೆ. ನಾನೇ ಗದರಿಸಿದೆ, ಎಂದು ಇನ್ನೊಮ್ಮೆ ಅಂದರು. ಮೂರು ಸಲ. ಆರಿ, ಹತ್ತಿ, ಆರಿ, ಹತ್ತಿ, ಅವರು ಹಸಿರನ್ನೇ ನೋಡುತ್ತ ಮಲಗಿದ್ದರೇನೋ, ಈಗ ಬಂದಾರು ಈಗ ಬಂದಾರು ಎಂದು, ಶಿಸ್ತಿನ ಮನುಷ್ಯ ಇರಬೇಕು, ಮೂರು ಸಲಕ್ಕಿಂತ ಹೆಚ್ಚು ತೊಂದರೆ ಕೊಡಬಾರದು ಅಂದುಕೊಂಡಿರಬೇಕು, ಈಗ ಎಲ್ಲಿದ್ದಾರೆ, ನಡೆಯುತ್ತಾರಾ, ಆ ಮೂಳೆ ಮುರಿದ ಸದ್ದು ನಾನು ಕೇಳಿಲ್ಲ, ಆದರೂ ಕೇಳುತ್ತಿದೆ.

ಆಸ್ಪತ್ರೆಯ ದುರಸ್ತಿಯವನು ಹೆಗಲ ಮೇಲೆ ಏಣಿ ಹೊತ್ತುಕೊಂಡೇ ಬಂದ, ನರ್ಸುಗಳೆಲ್ಲ ಅವನನ್ನು ಏಣಿಯಣ್ಣ ಎನ್ನುತ್ತಾರೆ, ಊಟಕ್ಕೂ ಅದನ್ನ ಪಕ್ಕದಲ್ಲಿ ಮಲಗಿಸ್ಕೋತಾನೆ ಎಂದು ನಗುತ್ತಾರೆ, ಇವತ್ತು ಯಾರೂ ನಗಲಿಲ್ಲ. ಹೋದ ವಾರ ತಾನೆ ಎಲ್ಲಾ ಪೆಟ್ಟಿಗೇನೂ ನೋಡಿದೆ, ಎಲ್ಲಾ ಹಸಿರಿತ್ತು, ಎಂದ, ಒತ್ತಿ ನೋಡಿದ್ರಾ ಎಂದೆ, ಒಂದೊಂದನ್ನೂ ಒತ್ತಿದ್ರೆ ಸಿಸ್ಟರು ಬಿಡ್ತಾರಾ, ಎಂದ. ನಿಮ್ಮ ಗೋದಾಮಲ್ಲಿ ಕೇಬಲ್ಲಿದೆಯಾ. ಇದೆ. ತಂದ. ಎತ್ತಿ ನೋಡಿದೆ, ಭಾರ, ಸೊಂಟ ಹಿಡಿಯುವಷ್ಟು ಭಾರ, ಅಷ್ಟು ಭಾರ ಎತ್ತಿ ಅಷ್ಟು ಹಗುರಾದದ್ದು ಅದೇ ಮೊದಲು. ಮಂಚವನ್ನು ಒಂದು ಮೊಳ ಸರಿಸಿ ಗೋಡೆಯ ಬಳಿ ಮಂಡಿಯೂರಿದೆ, ತಲೆಯ ಮೇಲೆಯೇ ಆ ಹೆಂಗಸಿನ ಉಸಿರು, ಒದ್ದೆ ಕಾಗದ ಹರಿದ ಹಾಗಿನ ಸದ್ದು, ಸ್ಕ್ರೂ ಬಿಚ್ಚಿದೆ, ಪೆಟ್ಟಿಗೆ ಕೈಗೆ ಬಂತು, ಹಿಂದೆ ಎಂಟು ಎಳೆಗಳು ಒಪ್ಪವಾಗಿ ಕೂತಿವೆ, ಎಷ್ಟು ಚಂದದ ಕೆಲಸ ಎಂದು ಯಾರಾದರೂ ಮೆಚ್ಚಬೇಕು ಹಾಗೆ. ಎಳೆಯ ತುದಿಯನ್ನು ಬ್ಲೇಡಿನಿಂದ ಹೆರೆದೆ. ತಾಮ್ರದ ಕೆಂಪು ಸುಲಿದು ಅಲ್ಯೂಮಿನಿಯಮ್ಮಿನ ಬಿಳಿ ಬಂತು. ಗೊತ್ತಿದ್ದದ್ದೇ, ಮೀನಿನ ಕಣ್ಣಿನ ಹಾಗೆ ಒಂದು ಬಿಳಿ ಚುಕ್ಕೆ. ಹಳೆಯದರ ಬಾಲಕ್ಕೆ ಹೊಸದನ್ನು ಕಟ್ಟಿದೆ, ಕಾರಿಡಾರಿನ ಕಪಾಟಿನ ಬಳಿ ಏಣಿಯಣ್ಣ ಎಳೆಯುತ್ತಾನೆ, ಇಲ್ಲಿಂದ ನಾನು ಉಣಿಸುತ್ತೇನೆ, ಹುಷಾರು, ಜಗ್ಗಬೇಡಿ, ಬಂತಾ, ಬರ್ತಿದೆ, ಇನ್ನೂ ಬಿಡಿ, ಕೊಳವೆಯೊಳಗೆ ಸರಸರ ಸರಿಯುವ ಸದ್ದು, ತಿರುವಿನಲ್ಲಿ ಸಿಕ್ಕಿಕೊಂಡಿತು, ಆಕೆ ಅದೇ ಕ್ಷಣ ಕೆಮ್ಮಿದಳು, ಸುತ್ತಿನ ಮೇಲೆ ಒಂದು ಕೆಂಪು ಕಲೆ ಕಾಣಿಸಿತು, ನರ್ಸು ಓಡಿದಳು, ಡಾಕ್ಟರು ಬಂದರು, ನಾನು ನೆಲದ ಮೇಲೆ ಕೈಯಲ್ಲಿ ತಂತಿ ಹಿಡಿದು ಎಂಟು ಬಣ್ಣ ಹೇಳಿಕೊಳ್ಳುತ್ತಿದ್ದೇನೆ, ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಇದೇ ಹೊತ್ತಿನಲ್ಲಿ ಆಕೆ ಒಬ್ಬಳೇ ಇದ್ದಿದ್ದರೆ, ಬಿಳಿ-ನೀಲಿ, ಹಸಿರು, ಗುಂಡಿ ಒತ್ತಿ ನಲವತ್ತೊಂದರವರೆಗೆ ಎಣಿಸಿದ್ದರೆ, ಬಿಳಿ-ಕಂದು, ಕಂದು. ಏನಿಲ್ಲ, ಹೊಲಿಗೇದು ಸ್ವಲ್ಪ ಜಿನುಗಿದೆ, ಸಮಯಕ್ಕೆ ನೋಡಿದ್ರಿ, ಎಂದರು ಡಾಕ್ಟರು, ಹೊಸ ಸುತ್ತು ಹಾಕಿ ಹೋದರು. ಕೇಬಲ್ಲೂ ತಿರುವು ಬಿಟ್ಟಿತು. ಜೋಡಿಗಳನ್ನು ಕೊನೆಯ ಕ್ಷಣದವರೆಗೆ ಬಿಚ್ಚದೆ, ಒಂದೊಂದನ್ನೇ ಕೂರಿಸಿದೆ, ಪೆಟ್ಟಿಗೆ ಮುಚ್ಚಿದೆ, ಹಸಿರು. ಒತ್ತಿ, ಎಂದೆ ಆಕೆಗೆ. ಒತ್ತಿದಳು. ಕೆಂಪು. ಮೇಜಿನ ಬಳಿ ಕುಯ್. ಹತ್ತು ಸಲ ಒತ್ತಿಸಿದೆ, ಹತ್ತು ಸಲವೂ ಕುಯ್, ಆಕೆಗೆ ನಾನು ಯಾರು, ಏನು ಮಾಡಿದೆ, ಗೊತ್ತಿಲ್ಲ, ನನ್ನ ತಲೆಗೂದಲಲ್ಲಿದ್ದ ಸುಣ್ಣದ ಪುಡಿಯನ್ನು ಎರಡು ಬೆರಳಿನಿಂದ ಮೆಲ್ಲಗೆ ಕೊಡವಿದಳು.

ಹಿರಿಯ ನರ್ಸು ಮೇಲಿನವರಿಗೆ ಫೋನು ಮಾಡಿದ್ದಾರೆ, ನಾಳೆ ಹತ್ತಕ್ಕೆ ಬಂದು ಎಲ್ಲವನ್ನೂ ಬರೆದುಕೊಡಬೇಕಂತೆ, ಬರೆದುಕೊಡುತ್ತೇನೆ, ಮೇಷ್ಟ್ರ ಮನೆ ಎಲ್ಲಿ ಎಂದು ಕೇಳಿದ್ದೇನೆ, ಹೇಳುತ್ತೇವೆ ಅಂದಿದ್ದಾರೆ, ಹೋಗುತ್ತೇನೆ, ಬಾಗಿಲು ಮುಖದ ಮೇಲೆ ಹಾಕಿದರೂ ಹೋಗುತ್ತೇನೆ. ಕೆಟ್ಟದ್ದು ಒಂದೇ ತಾನೆ, ಎಂದ ಏಣಿಯಣ್ಣ, ಒಂದೇ ಒಂದು, ಎಂದೆ, ಎಂಟು ತಿಂಗಳಿಂದ ಹೇಳಿಕೊಂಡು ಬಂದ ಮಾತು, ಬಾಯಿಗೆ ತಾನಾಗಿ ಬಂತು, ಅವನು ಏಣಿಗೆ ಒರಗಿ, ಖಂಡಿತಾನಾ, ಎಂದ. ಖಂಡಿತ. ಆದರೂ ನೋಡಿಬಿಡೋಣ ಎಂದದ್ದು ನಾನೇ. ಹದಿನೆಂಟು ಬಿಚ್ಚಿದೆ, ಹೆರೆದೆ, ಕೆಂಪು, ಒಳಗೂ ಕೆಂಪು, ಅಪ್ಪಟ ತಾಮ್ರ. ಹದಿನಾರು ಕೆಂಪು. ಹದಿನೈದು, ಹದಿನಾಲ್ಕು ಕೆಂಪು, ಉಸಿರು ಸಡಿಲವಾಗುತ್ತ ಬಂತು, ಇಪ್ಪತ್ತರಿಂದ ಇಪ್ಪತ್ನಾಲ್ಕೂ ಕೆಂಪು, ಒಂದರಿಂದ ಹತ್ತೂ ಕೆಂಪು, ನೋಡಿ ನಾನು ಹೇಳಲಿಲ್ಲವಾ, ಹತ್ತೊಂಬತ್ತು, ಹದಿಮೂರು, ಹನ್ನೆರಡು, ಕೆಂಪು, ಕಿಟಕಿಯ ಬಿಸಿಲು ಹಳದಿಯಾಗಿ ನೆಲಕ್ಕಿಳಿದಿತ್ತು, ತಂಗಿ ನಿದ್ದೆ ಹೋಗಿದ್ದಳು, ಬಾಯಿ ಸ್ವಲ್ಪ ತೆರೆದು, ಗುಂಡಿಯ ಹಿಡಿ ಅಂಗೈಯಲ್ಲೇ. ಅದೊಂದು ಬಿಡಿ ಅಕ್ಕ, ಮಲಗಿದ್ದಾರೆ, ಆಗಲೇ ಕುಯ್ ಅಂತಲ್ಲ, ಎಂದ ಏಣಿಯಣ್ಣ. ಹೌದು, ಅಂತು. ಹದಿನೇಳರಲ್ಲೂ ಎಂಟು ತಿಂಗಳ ಹಿಂದೆ ಎಂಟು ದೀಪ ಉರಿದಿದ್ದವು, ಹನ್ನೊಂದು ಕಪಾಟಿಗೆ ಹತ್ತಿರ, ತಂತಿ ಗಿಡ್ಡವಾದರೆ ಕೆಟ್ಟದ್ದೂ ಸ್ವಲ್ಪ ಕಾಲ ತಡೆಯುತ್ತದೆ. ಸದ್ದಾಗದ ಹಾಗೆ ಮಂಡಿಯೂರಿದೆ, ಒಂದು ಸ್ಕ್ರೂ, ಎರಡು, ಪೆಟ್ಟಿಗೆಯನ್ನು ಅಂಗೈಗೆ ತೆಗೆದುಕೊಂಡೆ, ತಂಗಿ ನಿದ್ದೆಯಲ್ಲೇ ಏನೋ ಗೊಣಗಿದಳು, ಬ್ಲೇಡು ಇಟ್ಟೆ, ಹೆರೆದೆ — ಇಲ್ಲ, ಇದು ಹದಿನೇಳಲ್ಲ, ಇದು ಹನ್ನೊಂದು, ಇದನ್ನು ಎಳೆದಾಗ ಒಳ್ಳೆಯ ಪೆಟ್ಟಿಗೆ ಇನ್ನೂ ಇತ್ತು, ಇತ್ತಲ್ಲ, ಮಧ್ಯಾಹ್ನ ಎಷ್ಟು ಹೊತ್ತಿಗೆ ಮುಗಿದಿತ್ತು, ಮೊದಲು ಯಾವುದು ಎಳೆದೆ, ಗಡಿಯಾರ ನೋಡಿದ್ದು ಒಂದು ಸಲವೋ ಎರಡು ಸಲವೋ, ಬಿಸಿಲು ಬಿದ್ದು ಹಾಗೆ ಹೊಳೆಯುತ್ತಿದೆಯೇನೋ, ಕೈ ಅಡ್ಡ ಹಿಡಿದೆ, ಇನ್ನೊಂದು ಎಳೆ ಹೆರೆದೆ, ಇನ್ನೊಂದು — ಬಿಳಿ, ಕೆಂಪಿನ ನಡುವೆ ಬಿಳಿ, ಸೂಜಿಯ ಮೊನೆಯಷ್ಟು, ನನ್ನನ್ನೇ ನೋಡುತ್ತಿರುವ ಬಿಳಿ ಚುಕ್ಕೆ, ಬಿಳಿ